ಬೀಗ ಹಾಕಿಸಿದವರು ಸಾಲ ಕೊಟ್ಟರು

ಸಾರ್ವಜನಿಕ ಹಿತಕ್ಕಾಗಿ ಒಬ್ಬನ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ. ಆ ಅಧಿಕಾರದ ಬೆನ್ನಿಗೇ ಪರಿಹಾರ ಕೊಡುವ ಹೊಣೆಯೂ ಇದೆ. ಚೆನ್ನೈನ ವಡಪಳನಿಯಲ್ಲಿ, ಆರ್ಕಾಟ್ ರಸ್ತೆಯ ಗುಂಟ ಸಾಗುತ್ತಿರುವ ಮೆಟ್ರೊ ರೈಲಿನ ಎರಡನೆಯ ಹಂತಕ್ಕಾಗಿ ಭೂಮಿ ಬಿಟ್ಟುಕೊಟ್ಟವನು ಹಣ ಕೇಳಿದರೆ ಅದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ. ಕಾನೂನಿನ ಪ್ರಕಾರ ಅವನಿಗೆ ಸಲ್ಲತಕ್ಕದ್ದು ಎನ್ನುತ್ತಾರೆ. ಅದೇ ಬಡಾವಣೆಯ ಬೀದಿಯಂಚಿನಲ್ಲಿ ಹೂ ಕಟ್ಟಿ ಮಾರುವ ಹೆಂಗಸಿನ ಜೀವನೋಪಾಯವನ್ನು ಅದೇ ಸಾರ್ವಜನಿಕ ಹಿತದ ಹೆಸರಿನಲ್ಲಿ 2020 ಮತ್ತು 2021ರಲ್ಲಿ ತಿಂಗಳುಗಟ್ಟಲೆ ಕಿತ್ತುಕೊಂಡಾಗ ಮಾತ್ರ ಪರಿಹಾರದ ಮಾತು ಏಳಲಿಲ್ಲ. ಆಕೆಗೆ ಮೊದಲು ದೊರೆತದ್ದು ಪಡಿತರ, ಆಮೇಲೆ ದೊರೆತದ್ದು ಸಾಲ.

ಲಾಕ್‌ಡೌನ್ ಅಗತ್ಯವಿತ್ತೇ ಇಲ್ಲವೇ ಎಂಬುದು ವೈದ್ಯರು ತೀರ್ಮಾನಿಸಬೇಕಾದ ವಿಷಯ. ಅಗತ್ಯವೇ ಇತ್ತು ಎಂದು ಒಪ್ಪಿಕೊಂಡರೂ ಲೆಕ್ಕದ ಪ್ರಶ್ನೆಯೊಂದು ಉಳಿಯುತ್ತದೆ. ಎಲ್ಲರ ಪ್ರಾಣ ಉಳಿಸಲು ಮಾಡಿದ ಖರ್ಚನ್ನು ಯಾರ ಖಾತೆಗೆ ಹಾಕಲಾಯಿತು? ತಿಂಗಳ ಸಂಬಳ ಬ್ಯಾಂಕಿಗೆ ತಪ್ಪದೆ ಬಂದು ಬೀಳುತ್ತಿದ್ದವರ ಖಾತೆಗಂತೂ ಅಲ್ಲ. ದಿನದ ಸಂಪಾದನೆಯನ್ನು ದಿನವೇ ಉಣ್ಣುವವರ ಖಾತೆಗೆ ಅದು ಹೋಯಿತು. ಐದಾರು ವರ್ಷಗಳು ಉರುಳಿದರೂ ಆ ಖಾತೆಯನ್ನು ಯಾರೂ ತೆರೆದು ನೋಡಿಲ್ಲ.

ವಡಪಳನಿಯ ಆರ್ಥಿಕ ಜೀವನ ಎರಡು ಕಂಬಗಳ ಮೇಲೆ ನಿಂತಿದೆ. ಒಂದು ಮುರುಗನ ದೇವಾಲಯ, ಇನ್ನೊಂದು ಚಿತ್ರೋದ್ಯಮ. ದೇವಾಲಯದ ಸುತ್ತ ಹೂ, ತೆಂಗಿನಕಾಯಿ, ಕರ್ಪೂರ, ನಿಂಬೆಹಣ್ಣಿನ ಮಾಲೆ ಮಾರುವವರು; ಮುಹೂರ್ತದ ದಿನಗಳಲ್ಲಿ ಅಲ್ಲಿ ನಡೆಯುವ ಮದುವೆಗಳನ್ನು ನಂಬಿದ ಹಾರ ಕಟ್ಟುವವರು, ಅಡಿಗೆಯವರು, ಛಾಯಾಗ್ರಾಹಕರು. ಎ.ವಿ.ಎಂ., ವಿಜಯಾ-ವಾಹಿನಿಯಂಥ ಸ್ಟುಡಿಯೋಗಳು ಬೆಳೆದ ಈ ನೆಲದಲ್ಲಿ ಒಂದು ಕಾಲಕ್ಕೆ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದವು. ಇಂದಿಗೂ ಚಿತ್ರೀಕರಣವನ್ನು ನಂಬಿ ಚಹಾ ಅಂಗಡಿ, ತಿಂಡಿ ಗಾಡಿ, ಹೊಲಿಗೆ ಅಂಗಡಿಗಳು ನಡೆಯುತ್ತವೆ. 2020ರ ಮಾರ್ಚ್ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಕಂಬಗಳೂ ಒಟ್ಟಿಗೆ ಬಿದ್ದವು. ಚಿತ್ರೀಕರಣ ನಿಂತಿತು, ದೇವಾಲಯ ಭಕ್ತರಿಗೆ ಮುಚ್ಚಿತು. ಮಾರ್ಚ್ 24ರ ಸಂಜೆಯಿಂದ ತಮಿಳುನಾಡಿನಲ್ಲಿ ನಿಷೇಧಾಜ್ಞೆ, ಅದೇ ಮಧ್ಯರಾತ್ರಿಯಿಂದ ದೇಶಕ್ಕೆಲ್ಲ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದವು.

ಬೀದಿ ವ್ಯಾಪಾರಿಗಳಿಗೆ ಮೂರನೆಯ ಪೆಟ್ಟು ಪಕ್ಕದ ಕೊಯಂಬೇಡಿನಿಂದ ಬಂತು. ಏಪ್ರಿಲ್ 26ರಿಂದ ನಾಲ್ಕು ದಿನ ಸಂಪೂರ್ಣ ಬಂದ್ ಎಂದು ಏಪ್ರಿಲ್ 24ರಂದು ಘೋಷಿಸಿದ್ದರಿಂದ, ಮರುದಿನ ಜನ ಮಾರುಕಟ್ಟೆಗೆ ಮುಗಿಬಿದ್ದರು. ಸೋಂಕು ಹರಡಿತು. ಮೇ 5ರಂದು ಕೊಯಂಬೇಡು ಮಾರುಕಟ್ಟೆಗೆ ಬೀಗ ಬಿತ್ತು. ತರಕಾರಿಯ ಸಗಟು ವ್ಯಾಪಾರ ಪೂನಮಲ್ಲಿಯ ಆಚೆಗಿರುವ ತಿರುಮಳಿಸೈಗೆ, ಹಣ್ಣಿನ ವ್ಯಾಪಾರ ಮಾಧವರಂಗೆ ಸ್ಥಳಾಂತರಗೊಂಡವು. ವಡಪಳನಿಯ ತಳ್ಳುಗಾಡಿಯವನು ನಸುಕಿನಲ್ಲಿ ಹೋಗಿ ಸರಕು ತರುತ್ತಿದ್ದ ಮಾರುಕಟ್ಟೆ ನಗರದ ಹೊರಗೆ ಹೋಯಿತು. ಅಲ್ಲಿಗೆ ಹೋಗಲು ಬಸ್ಸೂ ಇರಲಿಲ್ಲ. ಬಾಡಿಗೆ ವಾಹನ ಹಿಡಿದು ಸರಕು ತಂದವನಿಗೆ ಲಾಭದಷ್ಟೇ ಸಾಗಣೆಯ ಖರ್ಚು ಬಿದ್ದರೆ ಆಶ್ಚರ್ಯವಿಲ್ಲ. ಕೊಯಂಬೇಡಿನ ತರಕಾರಿ ಮಾರುಕಟ್ಟೆ ಮತ್ತೆ ತೆರೆದದ್ದು ಸೆಪ್ಟೆಂಬರ್ ಕೊನೆಗೆ.

ದೇವಾಲಯದ ಬಾಗಿಲು 2020ರ ಸೆಪ್ಟೆಂಬರ್ 1ರಂದು ತೆರೆಯಿತು. 2021ರ ಏಪ್ರಿಲ್ 26ರಂದು ಮತ್ತೆ ಮುಚ್ಚಿ ಜುಲೈ 5ರಂದು ತೆರೆಯಿತು. ಆಮೇಲೆಯೂ ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಶುಕ್ರವಾರ, ಶನಿವಾರ, ಭಾನುವಾರಗಳಂದು ದರ್ಶನವಿರಲಿಲ್ಲ. ಹೂ ಮಾರುವವರಿಗೆ ವಾರದ ಗಳಿಕೆಯೆಂದರೆ ಆ ಮೂರು ದಿನಗಳೇ. ಎರಡು ವರ್ಷಗಳ ವೈಕಾಸಿ ವಿಶಾಖವೂ ಮುಚ್ಚಿದ ಬಾಗಿಲ ಹಿಂದೆ ಕಳೆಯಿತು. 2022ರ ಜನವರಿ 23ರಂದು ದೇವಾಲಯದ ಕುಂಭಾಭಿಷೇಕ ನಡೆಯಿತು. ವರ್ಷಗಟ್ಟಲೆ ಕಾದಮೇಲೆ ಬರುವ ಅಂಥ ಉತ್ಸವದಲ್ಲಿ ಒಬ್ಬ ಹೂವಾಡಗಿತ್ತಿ ಹಳೆಯ ಸಾಲವನ್ನೆಲ್ಲ ತೀರಿಸಬಲ್ಲಳು. ಅಂದು ಭಾನುವಾರದ ಸಂಪೂರ್ಣ ಲಾಕ್‌ಡೌನ್. ಭಕ್ತರಿಗೆ ಪ್ರವೇಶವಿರಲಿಲ್ಲ, ಜನ ಮನೆಯಲ್ಲಿ ಕುಳಿತು ನೇರಪ್ರಸಾರ ನೋಡಿದರು. ನೇರಪ್ರಸಾರ ನೋಡುವವರು ಹೂ ಕೊಳ್ಳುವುದಿಲ್ಲ.

ಈ ಎಲ್ಲ ಆಜ್ಞೆಗಳ ಹಿಂದಿದ್ದ ಕಾನೂನು ಯಾವುದೆಂಬುದನ್ನು ನೋಡಬೇಕು. 2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶಕ್ಕೆ ಆಧಾರವಾದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅಂಗಡಿ ಮುಚ್ಚಿಸುವ ಬಲ ಅದೇ ಕಾಯ್ದೆಯ ಕಲಮುಗಳಿಂದ ಬಂತು. ಅದರ 12ನೆಯ ಕಲಮನ್ನು ಕೂಡ ಅದೇ ಸಂಸತ್ತು ಬರೆದಿದೆ. ವಿಪತ್ತಿಗೆ ಸಿಕ್ಕಿದವರಿಗೆ ಕೊಡಬೇಕಾದ ಕನಿಷ್ಠ ಪರಿಹಾರದ ಮಾನದಂಡಗಳನ್ನು ರಾಷ್ಟ್ರೀಯ ಪ್ರಾಧಿಕಾರ ರೂಪಿಸತಕ್ಕದ್ದು ಎಂದು ಆ ಕಲಮು ವಿಧಿಸುತ್ತದೆ. ಪ್ರಾಣಹಾನಿಗೆ ಸಹಾಯಧನ, ಮನೆ ಹಾನಿಗೆ ನೆರವು ಎಂಬವುಗಳ ಸಾಲಿನಲ್ಲಿಯೇ ಜೀವನೋಪಾಯವನ್ನು ಮರಳಿ ಸ್ಥಾಪಿಸಲು ನೆರವು ಎಂಬುದೂ ಅಲ್ಲಿ ಸೇರಿದೆ. ಸಾಲ ಮರುಪಾವತಿಯಲ್ಲಿ ರಿಯಾಯಿತಿ ಮತ್ತು ಸುಲಭ ಷರತ್ತಿನ ಹೊಸ ಸಾಲದ ಮಾತು ಇದ್ದದ್ದು, 2025ರಲ್ಲಿ ಕೈಬಿಡಲಾದ, ಮುಂದಿನ 13ನೆಯ ಕಲಮಿನಲ್ಲಿ. ಮೊದಲನೆಯದು ಕರ್ತವ್ಯದ ಭಾಷೆಯಲ್ಲಿದೆ, ಎರಡನೆಯದು ಐಚ್ಛಿಕದ ಭಾಷೆಯಲ್ಲಿತ್ತು.

ಪ್ರಾಣಹಾನಿಯ ಸಹಾಯಧನವೂ ತಾನಾಗಿ ಬರಲಿಲ್ಲ. 2021ರ ಜೂನ್ 30ರಂದು ಸರ್ವೋಚ್ಚ ನ್ಯಾಯಾಲಯ ಇದೇ 12ನೆಯ ಕಲಮನ್ನು ಎತ್ತಿ ಹಿಡಿದು ಆದೇಶಿಸಿದ ಮೇಲೆಯೇ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ₹50,000 ನಿಗದಿಯಾಯಿತು. ಜೀವನೋಪಾಯದ ಮಾತನ್ನು ಅಷ್ಟೇ ಬಲವಾಗಿ ಮುಂದಕ್ಕೊಯ್ಯುವವರು ಇರಲಿಲ್ಲ. ಸರ್ಕಾರ 12ನೆಯ ಕಲಮಿನ ಕರ್ತವ್ಯವನ್ನು ಬದಿಗಿಟ್ಟು 13ನೆಯ ಕಲಮಿನ ಸಾಲವನ್ನು ಪರಿಹಾರವೆಂದು ಕರೆಯಿತು. ಈ ಬರಹದ ಆಕ್ಷೇಪವೆಲ್ಲ ಇಷ್ಟೇ.

ಲೆಕ್ಕ ಬಲ್ಲ ಯಾರಿಗಾದರೂ ಪರಿಹಾರಕ್ಕೂ ಸಾಲಕ್ಕೂ ಇರುವ ಅಂತರ ಗೊತ್ತು. ಪರಿಹಾರ ಕಳೆದುಹೋದ ಬಂಡವಾಳವನ್ನು ತುಂಬುತ್ತದೆ. ಸಾಲ ಅಢಾವೆ ಪತ್ರಿಕೆಯ ಹೊಣೆಗಳ ಬದಿಗೆ ಇನ್ನೊಂದು ಸಾಲನ್ನು ಸೇರಿಸುತ್ತದೆ. ನಷ್ಟವೂ ಉಳಿಯಿತು, ಅದರ ಮೇಲೆ ಋಣವೂ ಕೂಡಿತು.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ದೇವಾಲಯದ ಬೀದಿಯ ಹೂವಾಡಗಿತ್ತಿಗೆ ಖರ್ಚು ಕಳೆದು ದಿನಕ್ಕೆ ₹400 ಉಳಿಯುತ್ತಿತ್ತು ಎಂದಿಟ್ಟುಕೊಳ್ಳಲಿ. 2020ರ ಮಾರ್ಚ್ 25ರಿಂದ ಆಗಸ್ಟ್ 31ರವರೆಗೆ 160 ದಿನ. ಅವುಗಳಲ್ಲಿ ಅರ್ಧದಷ್ಟು ದಿನ ಆಕೆ ಬೇರೆಲ್ಲಿಯೋ ಕುಳಿತು ಎಂದಿನಷ್ಟೇ ಮಾರಿದಳು ಎಂದು ಉದಾರವಾಗಿ ಭಾವಿಸಿದರೂ, ಉಳಿದ 80 ದಿನಗಳ ನಷ್ಟ ₹32,000. ತಮಿಳುನಾಡು ಸರ್ಕಾರ ಆ ಸಲ ಚೆನ್ನೈನ ಪಡಿತರ ಚೀಟಿಗೆ ಎರಡು ಬಾರಿ ಕೊಟ್ಟದ್ದು ತಲಾ ₹1,000. 2021ರ ಎರಡನೆಯ ಅಲೆಯಲ್ಲಿ ಎರಡು ಕಂತುಗಳಲ್ಲಿ ₹4,000 ಕೊಟ್ಟಿತು. ಹೊಸ ಸರ್ಕಾರದ ಈ ಕ್ರಮ ಮೆಚ್ಚತಕ್ಕದ್ದೇ. ಆದರೆ ಆ ಹಣ ಬೀಗ ಬಿದ್ದವನಿಗೂ ಬೀಳದವನಿಗೂ ಒಂದೇ. ಕರ್ನಾಟಕದಲ್ಲಿಯೂ ಕತೆ ಬೇರೆಯಲ್ಲ. 2020ರ ಮೇ ತಿಂಗಳ ₹1,610 ಕೋಟಿಯ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ ₹5,000. 2021ರ ಮೇ ತಿಂಗಳಲ್ಲಿ ಬೀದಿ ವ್ಯಾಪಾರಿಗಳಿಗೆ ₹2,000. ಜೀವನೋಪಾಯ ಮರುಸ್ಥಾಪನೆಯ ಲೆಕ್ಕ ಹಾಕಿ ನಿಗದಿಪಡಿಸಿದ ಮೊತ್ತಗಳು ಇವಲ್ಲ. ಕೈಗೆ ಬಂದಷ್ಟು ಕೊಟ್ಟದ್ದು.

ಕೇಂದ್ರ ಕೊಟ್ಟದ್ದು ಪಿ.ಎಂ. ಸ್ವನಿಧಿ. 2020ರ ಜೂನ್ 1ರಂದು ಆರಂಭವಾದ ಈ ಯೋಜನೆಯಲ್ಲಿ ಆಗ ಬೀದಿ ವ್ಯಾಪಾರಿಗೆ ಆಧಾರವಿಲ್ಲದೆ ₹10,000 ಸಾಲ, ಒಂದು ವರ್ಷದ ಮಾಸಿಕ ಕಂತು, ಕಂತು ತಪ್ಪದವರಿಗೆ ಶೇ. 7ರ ಬಡ್ಡಿ ಸಹಾಯಧನ. ಯೋಜನೆಯನ್ನು ಹಳಿಯುವ ಕಾರಣವಿಲ್ಲ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರಿಗೆ ಅದು ಬಾಗಿಲು ತೆರೆಯಿತು. ಖಾಸಗಿ ದಿನವಸೂಲಿ ಸಾಲದಲ್ಲಿ ಕೈಗೆ ₹9,000 ಕೊಟ್ಟು ದಿನಕ್ಕೆ ₹100ರಂತೆ ನೂರು ದಿನ ವಸೂಲಿ ಮಾಡಿದರೆ ವಾರ್ಷಿಕ ಬಡ್ಡಿ ಶೇ. 75ನ್ನು ಮೀರುತ್ತದೆ, ಅದರ ಮುಂದೆ ಬ್ಯಾಂಕ್ ಸಾಲ ಎಷ್ಟೋ ಲೇಸು. ಆದರೆ ಒಳ್ಳೆಯ ಸಾಲವೂ ಸಾಲವೇ. ಅಸಲೊಂದೇ ತಿಂಗಳಿಗೆ ₹833. 2020ರ ಕೊನೆಯಲ್ಲಿ ಸಾಲ ಪಡೆದವರು ಅರ್ಧ ಕಂತು ಕಟ್ಟುವಷ್ಟರಲ್ಲಿ 2021ರ ಮೇ 10ರಂದು ಮತ್ತೆ ಲಾಕ್‌ಡೌನ್ ಬಂತು. ಸರ್ಕಾರ ತಾನೇ ಸಾಲ ಕೊಡಿಸಿ, ತಾನೇ ವ್ಯಾಪಾರ ನಿಲ್ಲಿಸಿತು.

ಬೀದಿ ವ್ಯಾಪಾರಿಗಿಂತ ಒಂದು ಮೆಟ್ಟಿಲು ಮೇಲಿನವರ, ಅಂದರೆ ಚಿಕ್ಕ ಹೋಟೆಲು, ಹೊಲಿಗೆ ಅಂಗಡಿ, ಮುದ್ರಣಾಲಯಗಳ ಪಾಡು ಇನ್ನೊಂದು ಬಗೆಯದು. ಅವರಿಗಾಗಿ ₹3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ಎಂದು 2020ರ ಮೇ 13ರಂದು ಘೋಷಣೆಯಾಯಿತು. ಖಾತರಿ ಎಂಬುದು ಸರ್ಕಾರದ ಖರ್ಚಲ್ಲ; ಸಾಲ ಮುಳುಗಿದರೆ ಮಾತ್ರ ಬರುವ ಹೊಣೆ. ಸಾಲದ ಮಿತಿ 2020ರ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇ. 20. ಬ್ಯಾಂಕಿನಲ್ಲಿ ಸಾಲವೇ ಇಲ್ಲದೆ ಸ್ವಂತ ಉಳಿತಾಯದಲ್ಲಿ, ಉದ್ದರಿಯಲ್ಲಿ, ಕೈಸಾಲದಲ್ಲಿ ಅಂಗಡಿ ನಡೆಸುತ್ತಿದ್ದವರಿಗೆ ಶೂನ್ಯದ ಶೇ. 20 ಶೂನ್ಯವೇ. ಋಣವಿಲ್ಲದೆ ಬಾಳಿದ್ದೇ ಅನರ್ಹತೆಯಾಯಿತು.

ಕಂತು ಮುಂದೂಡಿಕೆಯ ಲೆಕ್ಕವನ್ನು ಹೆಚ್ಚು ಜನ ಬಿಡಿಸಿ ನೋಡಿಲ್ಲ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಆರು ತಿಂಗಳ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಏರುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಮೇಲೆ, ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ₹2 ಕೋಟಿವರೆಗಿನ ಸಾಲಗಾರರಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ಕೊಡುವುದಾಗಿ ಹೇಳಿತು. ಪತ್ರಿಕೆಗಳು ಅದನ್ನು ದೀಪಾವಳಿಯ ಕೊಡುಗೆ ಎಂದವು. ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ₹2,00,000 ಸಾಲವಿದ್ದ ಅಂಗಡಿಯವನಿಗೆ ಆರು ತಿಂಗಳ ಸರಳ ಬಡ್ಡಿ ₹12,000, ತಿಂಗಳ ಲೆಕ್ಕದ ಚಕ್ರಬಡ್ಡಿ ₹12,304. ಕೊಡುಗೆ ₹304. ವ್ಯಾಪಾರವಿಲ್ಲದ ತಿಂಗಳುಗಳ ₹12,000 ಬಡ್ಡಿಯನ್ನು ಅವನು ಕಟ್ಟಲೇಬೇಕಾಯಿತು.

ಇಷ್ಟು ಸಾಲದೆಂಬಂತೆ 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಮೇಲೆ ಬ್ಯಾಂಕುಗಳು ಕೊಡುವ ಸಾಲದ ಮಿತಿಯನ್ನು ಒಡವೆಯ ಬೆಲೆಯ ಶೇ. 75ರಿಂದ ಶೇ. 90ಕ್ಕೆ ಏರಿಸಿತು. ಜನರ ಕಷ್ಟ ನೀಗಲೆಂಬುದೇ ಉದ್ದೇಶ. ಆದರೂ ಅದರ ಅರ್ಥ ಇಷ್ಟೇ: ಅಂಗಡಿ ಮುಚ್ಚಿದ್ದರಿಂದ ಕೈ ಬರಿದಾದವಳು ಕೊರಳಿನ ತಾಳಿಯನ್ನು ಒತ್ತೆಯಿಟ್ಟರೆ ಸ್ವಲ್ಪ ಹೆಚ್ಚು ಹಣ ಸಿಗುತ್ತದೆ. ಅವಳ ಚಿನ್ನ, ಅವಳ ಬಡ್ಡಿ, ಅವಳ ಅಪಾಯ.

ಇದಕ್ಕೆ ಪ್ರತಿಯಾಗಿ ಎರಡು ವಾದಗಳು ಕೇಳಿಬರುತ್ತವೆ. ಬೊಕ್ಕಸದಲ್ಲಿ ಹಣವಿರಲಿಲ್ಲ ಎಂಬುದು ಮೊದಲನೆಯದು. ಶ್ರೀಮಂತ ದೇಶಗಳೊಂದಿಗೆ ಹೋಲಿಕೆ ಸಲ್ಲದೆಂಬುದು ನಿಜ. ಬ್ರಿಟನ್ನು ಸ್ವಂತ ಉದ್ಯೋಗಿಗಳಿಗೆ ಸರಾಸರಿ ಲಾಭದ ಶೇ. 80ರಷ್ಟನ್ನು, ಮೂರು ತಿಂಗಳಿಗೆ ಗರಿಷ್ಠ 7,500 ಪೌಂಡುಗಳವರೆಗೆ, ಹಿಂದಿರುಗಿಸಬೇಕಿಲ್ಲದ ಅನುದಾನವಾಗಿ ಕೊಟ್ಟಿತು. ಜರ್ಮನಿ ಐವರವರೆಗಿನ ಉದ್ಯೋಗಿಗಳಿರುವ ಉದ್ದಿಮೆಗೆ 9,000 ಯೂರೋಗಳವರೆಗೆ ಕೊಟ್ಟಿತು. ಅಷ್ಟು ಹಣ ಭಾರತದಲ್ಲಿ ಇರಲಿಲ್ಲ. ಆದರೆ ಪ್ರಶ್ನೆ ಮೊತ್ತದ್ದಲ್ಲ, ತತ್ತ್ವದ್ದು. ಆ ದೇಶಗಳು ಮುಚ್ಚಿಸಿದ ಹೊಣೆಯನ್ನು ತಮ್ಮ ಖಾತೆಗೆ ಬರೆದುಕೊಂಡವು. ಇಲ್ಲಿ 2020ರ ಮಾರ್ಚ್ 29ರ ಆದೇಶದಲ್ಲಿ ಕೂಲಿಕಾರರಿಂದ ಒಂದು ತಿಂಗಳ ಬಾಡಿಗೆ ಕೇಳಬೇಡಿ ಎಂದು ಮನೆ ಮಾಲೀಕರಿಗೂ, ಪೂರ್ತಿ ವೇತನ ಕೊಡಿ ಎಂದು ಮುಚ್ಚಿದ ಅಂಗಡಿಯ ಯಜಮಾನರಿಗೂ ಹೇಳಿ, ಹೊಣೆಯನ್ನು ಇತರರ ಖಾತೆಗೆ ವರ್ಗಾಯಿಸಲಾಯಿತು. ವೇತನದ ಆದೇಶ ಮೇ 18ರಿಂದ ಬಿದ್ದುಹೋಯಿತು. ಗಳಿಕೆಯೇ ಇಲ್ಲದ ಚಿಕ್ಕ ಹೋಟೆಲಿನವನು ಅಡಿಗೆಯವನ ಸಂಬಳವನ್ನು ಯಾವ ಹಣದಿಂದ ಕೊಡಬೇಕಿತ್ತೆಂಬುದನ್ನು ಯಾರೂ ಹೇಳಲಿಲ್ಲ.

ಬೀದಿ ವ್ಯಾಪಾರಿಗಳು ಯಾರೆಂಬ ಪಟ್ಟಿಯೇ ಇರಲಿಲ್ಲ, ಯಾರಿಗೆಂದು ಕೊಡುವುದು ಎಂಬುದು ಎರಡನೆಯ ವಾದ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಗಳಿಗೊಮ್ಮೆಯಾದರೂ ಸಮೀಕ್ಷೆ ನಡೆಸಬೇಕೆಂದು ವಿಧಿಸಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು ಎಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಎಬ್ಬಿಸುವುದಾದರೆ 30 ದಿನ ಮುಂಚೆ ನೋಟೀಸು ಕೊಡಬೇಕು, ವಶಪಡಿಸಿಕೊಂಡ ಕೊಳೆಯುವ ಸರಕನ್ನು ಕೇಳಿದ ದಿನವೇ ಹಿಂದಿರುಗಿಸಬೇಕು ಎಂದೂ ಇದೆ. ಈ ಕಾಯ್ದೆಯನ್ನು ನಗರಗಳು ನೆಟ್ಟಗೆ ಪಾಲಿಸಿದ್ದರೆ ಮಾರ್ಚ್ 24ರಂದು ಪಟ್ಟಿ ಸಿದ್ಧವಾಗಿರುತ್ತಿತ್ತು. ಸ್ವನಿಧಿ ಯೋಜನೆ ಸಮೀಕ್ಷೆಯಿಂದ ಬಿಟ್ಟುಹೋದವರಿಗಾಗಿ ಶಿಫಾರಸು ಪತ್ರ ಎಂಬ ದಾರಿಯನ್ನು ಮಾಡಬೇಕಾಯಿತು; ಪಟ್ಟಿ ಪೂರ್ಣವಾಗಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಲೆಕ್ಕ ಬರೆಯದ ಗುಮಾಸ್ತ, ಲೆಕ್ಕವಿಲ್ಲವಾದ್ದರಿಂದ ಬಾಕಿಯೂ ಇಲ್ಲ ಎಂದರೆ ಯಾವ ಯಜಮಾನ ಒಪ್ಪುತ್ತಾನೆ? ಸಾಲ ಕೊಡಲು ಹುಡುಕಿದಾಗ ಸಿಕ್ಕ ವ್ಯಾಪಾರಿಗಳು ಪರಿಹಾರ ಕೊಡಲು ಹುಡುಕಿದ್ದರೆ ಸಿಗದೆ ಇರುತ್ತಿರಲಿಲ್ಲ.

ಈ ವಿಷಯ ಜೈನ ಸಮಾಜದ ಪತ್ರಿಕೆಯಲ್ಲಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಹೊರನಾಡಿನಲ್ಲಿ ನೆಲೆಸಿರುವ ಜೈನ ಕನ್ನಡ ಕುಟುಂಬಗಳಲ್ಲಿ ವ್ಯಾಪಾರ, ಬಾಡಿಗೆ ಮಳಿಗೆ, ಲೇವಾದೇವಿ, ಲೆಕ್ಕಪತ್ರದ ವೃತ್ತಿ, ಇವುಗಳಲ್ಲಿ ಒಂದರ ನಂಟಾದರೂ ಇರುವ ಮನೆಗಳು ಅನೇಕ. ಲಾಕ್‌ಡೌನ್ ಕಾಲದಲ್ಲಿ ಊರೂರಿನ ಸಂಘಗಳು ಊಟದ ಪೊಟ್ಟಣ, ದಿನಸಿ ಚೀಲ ಹಂಚಿದವು. ಆ ಆಹಾರದಾನಕ್ಕೆ ಬೆಲೆಯಿದೆ. ಆದರೆ ಚೀಲ ಹಂಚಿದ ಕೈಯೇ ಅದೇ ತಿಂಗಳಲ್ಲಿ ಮುಚ್ಚಿದ ಮಳಿಗೆಯ ಪೂರ್ತಿ ಬಾಡಿಗೆಯನ್ನೂ ಒತ್ತೆಯ ಪೂರ್ತಿ ಬಡ್ಡಿಯನ್ನೂ ಎಣಿಸಿ ಪಡೆದಿದ್ದರೆ, ದಾನದ ಲೆಕ್ಕ ಮತ್ತು ವಸೂಲಿಯ ಲೆಕ್ಕ ಎರಡನ್ನೂ ಒಂದೇ ಪುಟದಲ್ಲಿ ಬರೆದು ನೋಡಬೇಕಾಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಕೈಯೆತ್ತಿ ಹೊಡೆಯದಿದ್ದರೂ, ತನ್ನ ಅಧೀನದಲ್ಲಿರುವ ಜೀವಿಯ ಅನ್ನನೀರನ್ನು ತಡೆದರೆ ವ್ರತಕ್ಕೆ ದೋಷ ತಗಲುತ್ತದೆ ಎಂಬುದು ಶ್ರಾವಕಾಚಾರದ ವಿವೇಕ. ನಾಲ್ಕು ದಾನಗಳಲ್ಲಿ ಆಹಾರದ ಪಕ್ಕದಲ್ಲಿಯೇ ಅಭಯವೂ ಇದೆ. ನಾಳೆ ಗಾಡಿ ನಿಲ್ಲಿಸಲು ಜಾಗ ಇದ್ದೀತೋ ಇಲ್ಲವೋ ಎಂಬ ಭಯದಲ್ಲಿರುವವನಿಗೆ ಇಂದಿನ ಊಟ ಅರ್ಧ ದಾನ ಮಾತ್ರ.

ಈಗ ಮಾಡಬೇಕಾದದ್ದು ಸ್ಪಷ್ಟವಾಗಿದೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ನಿಯಮಗಳಲ್ಲಿ ರೈತರು, ಮೀನುಗಾರರು, ನೇಕಾರರು, ಕರಕುಶಲಿಗರು ಕಳೆದುಕೊಂಡದ್ದಕ್ಕೆ ನೆರವಿನ ದರಗಳಿವೆ. ಸರ್ಕಾರದ ಆಜ್ಞೆಯಿಂದಲೇ ನಿಂತುಹೋದ ತಳ್ಳುಗಾಡಿಗೂ ಹೂಬುಟ್ಟಿಗೂ ಚಿಕ್ಕ ಅಂಗಡಿಗೂ ದಿನಕ್ಕೆ ಇಷ್ಟು ಎಂಬ ದರವನ್ನು 12ನೆಯ ಕಲಮಿನ ಅಡಿಯಲ್ಲಿ ಮುಂಚಿತವಾಗಿಯೇ ಗೊತ್ತುಪಡಿಸಬೇಕು. ಮುಚ್ಚುವ ಆಜ್ಞೆ ಹೊರಟ ದಿನವೇ ಆ ಬಾಕಿಯೂ ಲೆಕ್ಕಕ್ಕೆ ಬರಬೇಕು. ಆಗ ಆಜ್ಞೆ ಹೊರಡಿಸುವವರಿಗೂ ಅದರ ಬೆಲೆ ತಿಳಿದಿರುತ್ತದೆ. ನಾಲ್ಕು ದಿನ ಸಾಕಾಗುವ ಕಡೆ ನಲವತ್ತು ದಿನ ಮುಚ್ಚುವ ಮೊದಲು ಎರಡು ಸಲ ಯೋಚಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಬಂದಾಗ ಚೆನ್ನೈನ ಪಡಿತರ ಚೀಟಿದಾರರಿಗೆ ₹6,000 ಕೊಡಲು ತಮಿಳುನಾಡು ಸರ್ಕಾರಕ್ಕೆ ಸಾಧ್ಯವಾಯಿತು. ಮಳೆಯ ನಷ್ಟಕ್ಕೆ ನೆರವು ಕೊಡಬಲ್ಲ ಸರ್ಕಾರ ತನ್ನದೇ ಆಜ್ಞೆಯ ನಷ್ಟಕ್ಕೆ ಕೊಡಲಾರದೇ?

ಸಮಾಜದ ಪಾಲಿನ ಕೆಲಸವೂ ಇದೆ, ಅದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಮಳಿಗೆಯ ಬಾಡಿಗೆ ಕರಾರಿನಲ್ಲಿ, ಸರ್ಕಾರದ ಆಜ್ಞೆಯಿಂದ ಅಂಗಡಿ ಮುಚ್ಚಿದ ದಿನಗಳಿಗೆ ಅರ್ಧ ಬಾಡಿಗೆ ಎಂಬ ಒಂದು ವಾಕ್ಯ ಸೇರಿಸಲು ಖರ್ಚಿಲ್ಲ. ಒತ್ತೆಯ ಸಾಲ ಕೊಡುವವರು ಅಂಥ ದಿನಗಳ ಬಡ್ಡಿಯನ್ನು ಬಿಡಬಹುದು, ಹರಾಜನ್ನು ಮುಂದೂಡಬಹುದು. ಸಮಾಜದಲ್ಲಿರುವ ಲೆಕ್ಕಪರಿಶೋಧಕರೂ ವಕೀಲರೂ ತಿಂಗಳಿಗೆ ಒಂದು ಭಾನುವಾರ ತಮ್ಮ ಬಡಾವಣೆಯ ಬೀದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ, ಮಾರಾಟ ಪ್ರಮಾಣಪತ್ರ, ಬ್ಯಾಂಕ್ ಖಾತೆಗಳ ಅರ್ಜಿಗಳನ್ನು ತುಂಬಿಕೊಡಬಹುದು. ಪಟ್ಟಿಯಲ್ಲಿ ಹೆಸರಿದ್ದವನನ್ನು ಮುಂದಿನ ಸಲ ಇಲ್ಲವೆನ್ನುವುದು ಕಷ್ಟ.

ವಡಪಳನಿಯ ಬೀದಿಯಲ್ಲಿ ವ್ಯಾಪಾರ ಮತ್ತೆ ನಡೆಯುತ್ತಿದೆ, ಮುಹೂರ್ತದ ದಿನ ಹಾರಗಳಿಗೆ ಬೇಡಿಕೆಯೂ ಇದೆ. ಅದನ್ನು ನೋಡಿ ಎಲ್ಲವೂ ಸರಿಹೋಯಿತು ಎನ್ನುವವರು ಜಮೆಯ ಪುಟವನ್ನು ಮಾತ್ರ ಓದುತ್ತಿದ್ದಾರೆ. ಎದುರು ಪುಟದಲ್ಲಿ ಮರಳದ ಒಡವೆ, ನಿಂತ ಮಗಳ ಓದು, ಒಂದು ಸಾಲ ತೀರಿಸಲು ಮಾಡಿದ ಇನ್ನೊಂದು ಸಾಲ ಇರಬಹುದು. ಅವು ಎಲ್ಲರ ಪ್ರಾಣರಕ್ಷಣೆಗಾಗಿ ಕೆಲವರು ತೆತ್ತ ಹಣ. ಅದನ್ನು ಸರ್ಕಾರ ಬಾಕಿಯೆಂದು ಒಪ್ಪಿ ಬರೆದುಕೊಳ್ಳುವವರೆಗೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ.